ಇಸ್ತ್ರಿ ಅಕ್ಕ ಉಳಿದುಹೋದ ಮಧ್ಯಾಹ್ನ

ಇಸ್ತ್ರಿ ಅಕ್ಕನ ಲಾಂಡ್ರಿಗೆ ಬಟ್ಟೆ ಹಾಕಿ "ಯಾವತ್ತು ಸಿಗುತ್ತೆ?" ಎಂದು ಕೇಳಿದರೆ ಆಕೆ ಬರಿದೇ ಶುಕ್ರವಾರ ಎನ್ನುವವಳಲ್ಲ. "ಕರ್ತನು ತಡಮಾಡಿದರೆ, ಶುಕ್ರವಾರ" ಎನ್ನುತ್ತಾಳೆ. ಹೊಸ ಗಿರಾಕಿಯೊಬ್ಬರು ಕರ್ತನೆಂದರೆ ಅಂಗಡಿಯ ಕೆಲಸದವನಿರಬೇಕು ಅಂದುಕೊಂಡು, "ಅವನಿಗೆ ಸ್ವಲ್ಪ ಬೇಗ ಬರೋಕೆ ಹೇಳಿ ಅಮ್ಮಾ" ಎಂದಿದ್ದರು. "ನಾನೂ ದಿನಾ ಅದನ್ನೇ ಹೇಳ್ತಾ ಇದೀನಪ್ಪಾ" ಎಂದು ಅಕ್ಕ ನಗದೆಯೇ ಚೀಟಿ ಪಿನ್ನು ಮಾಡಿದಳು.

ಯೇಸುಸ್ವಾಮಿ ಮತ್ತೆ ಬರುತ್ತಾನೆ, ತುತೂರಿ ಮೊಳಗುತ್ತದೆ, ತನ್ನವರನ್ನು ಮೋಡಗಳ ಮೇಲಕ್ಕೆ ಎತ್ತಿಕೊಳ್ಳುತ್ತಾನೆ, ಸಿದ್ಧವಾಗಿಲ್ಲದವರು ಇಲ್ಲೇ ಉಳಿಯುತ್ತಾರೆ ಎಂಬುದು ನಮ್ಮ ಸಭೆಯವರೆಲ್ಲರ ನಂಬಿಕೆ. ಯಾವ ಗಳಿಗೆಯೆಂದು ಯಾರಿಗೂ ಗೊತ್ತಿಲ್ಲ. ಆದರೆ ನಾವೆಲ್ಲ ನಂಬಿ ಊಟಕ್ಕೆ ಕೂರುವವರು, ಅಕ್ಕ ನಂಬಿ ಎದ್ದು ನಿಂತವಳು. ಆಕೆ ಒಂದು ಅಂಗಿಯನ್ನೂ ಅರ್ಧ ಇಸ್ತ್ರಿಗೆ ಬಿಟ್ಟು ಊಟಕ್ಕೆ ಏಳಳು, ಎಂಜಲು ಪಾತ್ರೆ ಬಿಟ್ಟು ಮಲಗಳು. ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದ ಯಜಮಾನರ ಬನಿಯನ್ನನ್ನೂ ಬಿಡುವವಳಲ್ಲ.

"ಹರಿದ ಬನಿಯನ್ ಹಾಕ್ಕೊಂಡು ಮೋಡದ ಮೇಲೆ ಹೋಗ್ತೀರಾ?"

"ಅಲ್ಲಿ ಬಿಳಿ ಅಂಗಿ ಕೊಡ್ತಾರಂತಲ್ಲೇ."

"ಕೊಡೋ ತನಕ? ಕೆಳಗಿರೋರು ನೋಡಲ್ವಾ?"

ಬೀದಿಯ ಆಚೆ ಬದಿಯಲ್ಲಿ, ಲಾಂಡ್ರಿಗೆ ನೇರ ಎದುರಿಗೆ, ತಂಗಿಯ ಬೇಕರಿ. ಒಡಹುಟ್ಟಿದವಳು, ಹೆಸರು ಏನೇ ಇರಲಿ, ಎಲ್ಲರಿಗೂ ಚಿಕ್ಕಿ. ಅಕ್ಕ ಎಷ್ಟು ನೆಟ್ಟಗೋ ಚಿಕ್ಕಿ ಅಷ್ಟು ಸಡಿಲ. ಕೂದಲಲ್ಲಿ ಹಿಟ್ಟು, ಕೆನ್ನೆಯಲ್ಲಿ ಹಿಟ್ಟು, ಬಾಯಿ ತುಂಬ ನಗು. ಆಕೆ ನಕ್ಕರೆ ಗಾಜಿನ ಡಬ್ಬಿಯೊಳಗಿನ ಬಿಸ್ಕತ್ತುಗಳು ಸರಿದು ಕೂರುತ್ತವೆ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಆಕೆ ಆರಾಧನೆಗೆ ಬರುವುದಿಲ್ಲ. ವಾರದಲ್ಲಿ ಬನ್ನು ಹೆಚ್ಚು ಹೋಗುವುದೇ ಅಂದು, ಅದೂ ಆರಾಧನೆ ಮುಗಿಸಿ ಹಸಿದುಕೊಂಡು ಬರುವ ನಮ್ಮಂಥವರಿಗೇ.

ತೂತು ಒಲೆ ಕೆಡಿಸಿತು, ಮಾತು ಮನೆ ಕೆಡಿಸಿತು ಎನ್ನುತ್ತಾರಲ್ಲ, ಇವರ ಮನೆ ಕೆಡಿಸಿದ ಮಾತು ಪ್ರಾರ್ಥನೆಯ ರೂಪದಲ್ಲಿ ಬಂತು. ಬೇಸಿಗೆಯ ಒಂದು ಭಾನುವಾರ ಅಕ್ಕ ಮೈಕು ಹಿಡಿದು, ಕಣ್ಣು ಮುಚ್ಚಿ, "ಸ್ವಾಮೀ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳನ್ನು ಎತ್ತಿಕೊಳ್ಳುವ ದಿನ ಬಂದಾಗ, ಬನ್ನು ಮಾರುತ್ತಾ ಇಲ್ಲೇ ಉಳಿದುಹೋಗುವ ನನ್ನ ತಂಗಿಯ ಮೇಲೆ ಕರುಣೆ ಇಡು" ಎಂದು ಬೇಡಿಕೊಂಡಳು. ನಾವೂ ಮುಂದೇನಾದೀತೆಂದು ಯೋಚಿಸದೆ ಗಟ್ಟಿಯಾಗಿ ಆಮೆನ್ ಅಂದೆವು. ಆಮೆನ್ ಅಂದ ಬಾಯಿಗಳೇ ಅಲ್ಲಿಂದ ನೇರವಾಗಿ ಬನ್ನು ತಿನ್ನಲು ಹೋದವು. ಸುದ್ದಿ ತಲುಪದೆ ಇರುತ್ತದೆಯೇ?

ಚಿಕ್ಕಿ ಹಿಟ್ಟಿನ ಕೈಯಲ್ಲೇ ಬೀದಿ ದಾಟಿ ಬಂದಳು.

"ಏನೇ ಅಕ್ಕಾ, ದೇವರ ಹತ್ರ ನನ್ನ ಚಾಡಿ ಹೇಳಿದ್ಯಂತೆ?"

"ಚಾಡಿ ಅಲ್ವೇ, ಪ್ರಾರ್ಥನೆ."

"ಬಾಗಿಲು ಹಾಕ್ಕೊಂಡು ಮಾಡಿದ್ರೆ ಪ್ರಾರ್ಥನೆ. ಮೈಕ್ ಹಿಡ್ಕೊಂಡು ಮಾಡಿದ್ರೆ ಚಾಡೀನೇ."

"ನಿನ್ನ ಮೇಲಿನ ಪ್ರೀತಿಗೆ ಕಣೇ ಮಾಡಿದ್ದು."

"ಪ್ರೀತಿ ಇದ್ದಿದ್ರೆ 'ಅವಳನ್ನ ಬಿಟ್ಟು ನಾನು ಬರಲ್ಲ ಸ್ವಾಮೀ' ಅಂತಿದ್ದೆ. ನೀನಾಗ್ಲೇ ಮೇಲಿಂದ ನಂಗೆ ಟಾಟಾ ಮಾಡ್ಬಿಟ್ಟಿದೀಯ!"

ಅಂದಿನಿಂದ ಮಾತು ನಿಂತಿತು. ಬೀದಿಯ ಅಗಲ ಒಂದು ಲಾರಿ ಹೋಗುವಷ್ಟು; ಅಕ್ಕತಂಗಿಯರಿಗೆ ಅದು ಸಮುದ್ರವಾಯಿತು. ನಡುವೆ ದೋಣಿಯಂತೆ ಓಡಾಡುತ್ತಿದ್ದವರು ಯಜಮಾನರೊಬ್ಬರೇ. ಬ್ರೆಡ್ಡು ಈಚೆಗೆ ತರುವರು, ಒಗೆದ ಏಪ್ರನ್ನು ಆಚೆಗೆ ಒಯ್ಯುವರು. "ಏನಂದ್ಳು?" ಎಂದು ಎರಡು ಕಡೆಯವರೂ ಕೇಳುವರು. "ಏನೂ ಅನ್ನಲಿಲ್ಲ" ಎಂದು ಎರಡು ಕಡೆಗೂ ಹೇಳಿ ಅವರಿಗೆ ಸಾಕಾಗಿಹೋಗಿತ್ತು. ನಮ್ಮ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ತೆಳ್ಳಗಿನ ಸಾಧು ಮನುಷ್ಯ, ಒಮ್ಮೆ ಧೈರ್ಯ ಮಾಡಿ ಅಂದರು: "ಅಕ್ಕಾ, ಸ್ವಾಮಿ ಬರೋ ದಿನಕ್ಕೆ ಅಂತ ಎಲ್ಲಾ ಇಸ್ತ್ರಿ ಮಾಡಿಟ್ಟಿದೀರಿ. ಇದೊಂದು ಸುಕ್ಕು ಯಾಕೆ ಬಿಟ್ರಿ?"

"ಅವಳೇ ಬಂದು ಮಾತಾಡ್ಲಿ ಅಯ್ಯನವರೇ. ನಾನೇನು ಸುಳ್ಳು ಹೇಳಿದ್ನಾ?"

ಹೀಗೆ ಹೇಳಿದರೂ ಬೇಕರಿಯಿಂದ ನಗು ಕೇಳಿದಾಗಲೆಲ್ಲ ಆಕೆಯ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ಏನು ಕೇಳಿ ನಕ್ಕಳೋ ಎಂದು ಒಳಗೊಳಗೇ ಚಡಪಡಿಕೆ.

ಮಾತಿಲ್ಲದ ಈ ತಿಂಗಳುಗಳಲ್ಲಿ ಚಿಕ್ಕಿ ಹೊಸ ಓವನ್ ಕೊಂಡಳು. ಬೀರುವಿಗಿಂತ ಎತ್ತರದ್ದು, ಒಬ್ಬರೇ ನಿಂತು ಅಂಗಡಿಗಾಗುವಷ್ಟು ಬೇಯಿಸಬಹುದಾದದ್ದು. ಹಳೆಯ ಅಂಗಡಿಯಲ್ಲಿ ಜಾಗವಿಲ್ಲವೆಂದು ಮೂಲೆಯ ಆಚೆಗಿನ ಸಂದಿಯಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿದಳು. ಶನಿವಾರ ಮಧ್ಯಾಹ್ನ ಓವನ್ ಬರುತ್ತದೆಂದು ಬೀದಿಗೆ ಬೀದಿಯೇ ಕಾದಿತ್ತು. ಗೊತ್ತಿಲ್ಲದಿದ್ದುದು ಅಕ್ಕನೊಬ್ಬಳಿಗೆ. ಯಜಮಾನರಿಗೂ ಗೊತ್ತಿತ್ತು, ಹೇಳಿದರೆ ಒಂದು ಜಗಳ, ಹೇಳದಿದ್ದರೆ ಇನ್ನೊಂದು, ಇವತ್ತಿನದು ನಾಳೆಗಿರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಶನಿವಾರ ಲಾರಿ ಬಂತು. ಸಂದಿಯೊಳಗೆ ತಿರುಗಲಾಗದೆ ಬಾಯಲ್ಲೇ ನಿಂತಿತು. ಓವನ್ನನ್ನು ಇಳಿಸಿ, ಉರುಳೆಗಳ ಮೇಲೆ ತಳ್ಳಿಕೊಂಡು ಹೋದರೆ, ಅದು ಗೋದಾಮಿನ ಬಾಗಿಲಲ್ಲಿ ಅರ್ಧ ಹೋಗಿ, ಒಂದು ಕಡೆಗೆ ವಾಲಿ, ಗಪ್ಪೆಂದು ಸಿಕ್ಕಿಕೊಂಡಿತು. ಒಳಗೆ ನಿಂತು "ಬರ್ಲಿ ಬರ್ಲಿ" ಎನ್ನುತ್ತಿದ್ದ ಚಿಕ್ಕಿ ಒಳಗೇ ಉಳಿದಳು. ಬೀಳುತ್ತದೋ ಏನೋ ಎಂಬ ಗಾಬರಿಯಲ್ಲಿ ಲಾರಿಯವನು ಹಾರನ್ನಿನ ಮೇಲೆ ಕೈಯಿಟ್ಟು, ಬೀದಿಯವರೆಲ್ಲ ಬರಲಿ ಎಂದು ಒತ್ತಿಯೇ ಒತ್ತಿದ.

ಅಕ್ಕ ಆಗ ಹಿಂದಿನ ಕೋಣೆಯಲ್ಲಿ ದೊಡ್ಡ ಮಷೀನಿನಿಂದ ಲಾಡ್ಜಿನ ಚಾದರಗಳನ್ನು ಎಳೆಯುತ್ತಿದ್ದಳು. ಇನ್ನೊಂದು ಮಷೀನಿನ ಗಡಗಡದಲ್ಲಿ ಜನರ ಕೂಗು, ಓಟ ಯಾವುದೂ ಕೇಳಿಸಲಿಲ್ಲ. ಆ ಸದ್ದನ್ನೂ ಮೀರಿ ಕೇಳಿಸಿದ್ದು ಒಂದೇ, ಉದ್ದವಾದ, ಎಲ್ಲಿಂದಲೋ ಬಂದ ಮೊಳಗು. ವರ್ಷಗಟ್ಟಲೆ ಒಂದು ಸದ್ದಿಗೆ ಕಿವಿಗೊಟ್ಟು ಕೂತವರಿಗೆ ಅದು ಲಾರಿಯದೆಂದು ಹೊಳೆಯುವುದಾದರೂ ಹೇಗೆ? ಅಕ್ಕ ಮಷೀನು ನಿಲ್ಲಿಸಿದಳು. ಅಷ್ಟರಲ್ಲಿ ಮೊಳಗೂ ನಿಂತಿತು. ಆಮೇಲೆ ಒಂದು ಸೊಲ್ಲಿಲ್ಲ.

"ರೀ?"

ಮುಂದಿನ ಕೋಣೆಯಲ್ಲಿ ಯಜಮಾನರ ಕುರ್ಚಿ ಖಾಲಿ. ಪೇಪರಿನ ಮೇಲೆ ಕನ್ನಡಕ. ಲೋಟದಲ್ಲಿ ಅರ್ಧ ಟೀ, ಇನ್ನೂ ಹಬೆಯಾಡುತ್ತಿದೆ. ಕುರ್ಚಿಯ ಕೆಳಗೆ ಚಪ್ಪಲಿಗಳು, ಕಾಲು ಮಾತ್ರ ಇಲ್ಲ.

ಅಕ್ಕ ಬಾಗಿಲಿಗೆ ಬಂದಳು. ಕಟಿಂಗ್ ಶಾಪಿನ ಕುರ್ಚಿ ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಿತ್ತು, ಬಟ್ಟಲಲ್ಲಿ ಸೋಪಿನ ನೊರೆ ಒಡೆಯುತ್ತಿತ್ತು, ಗಡ್ಡ ಕೊಟ್ಟವನೂ ಇಲ್ಲ, ಕತ್ತಿ ಹಿಡಿದವನೂ ಇಲ್ಲ. ಟೈಲರಮ್ಮನ ಮಷೀನಿನ ಸೂಜಿ ತೋಳಿನ ನಡುವೆ ನಿಂತಿತ್ತು. ತರಕಾರಿ ಗಾಡಿಯ ತಕ್ಕಡಿ ಒಂದು ಕಡೆ ಟೊಮೆಟೊ ಹೊತ್ತು ಓಲಾಡುತ್ತಿತ್ತು. ಬೀದಿಯ ನಡುವೆ ಅಯ್ಯನವರ ಸೈಕಲ್ಲು ಬಿದ್ದಿತ್ತು, ಅದರ ಚಕ್ರ ಇನ್ನೂ ತಿರುಗುತ್ತಿತ್ತು.

ಆ ಚಕ್ರ ನೋಡಿಯೇ ಅಕ್ಕನಿಗೆ ಖಾತ್ರಿಯಾದದ್ದು. ಕತ್ತೆತ್ತಿ ಮೇಲೆ ನೋಡಿದಳು. ಆಕಾಶದಲ್ಲಿ ಒಂದೇ ಒಂದು ಸಣ್ಣ ಮೋಡ, ಈಗಷ್ಟೇ ಬಾಗಿಲು ಹಾಕಿಕೊಂಡಂತಿತ್ತು.

ಆಯಿತು. ಸ್ವಾಮಿ ಬಂದ, ಎಲ್ಲರನ್ನೂ ಕರೆದುಕೊಂಡು ಹೋದ. ಅಕ್ಕ ಉಳಿದಳು.

ಯಾಕೆ? ಮೊದಲು ನೆನಪಾದದ್ದು ಗುಮಾಸ್ತರ ಬಿಳಿ ಅಂಗಿ. ಕಾಲರು ಸ್ವಲ್ಪ ಕರಕಾಗಿದ್ದುದನ್ನು ಒಳಮಡಿಚಿ ಕೊಟ್ಟಿದ್ದಳು. ಅದಕ್ಕೇನಾ ಸ್ವಾಮೀ? ಒಂದು ಕಾಲರಿಗೆ? ಆದರೆ ಕೇಳುತ್ತಿರುವಾಗಲೇ ಆಕೆಗೆ ಗೊತ್ತಿತ್ತು, ಕಾಲರಿಗಲ್ಲ. ಕಾರಣ ಬೀದಿಯ ಆಚೆಯಿತ್ತು, ಎಷ್ಟೋ ತಿಂಗಳಿನಿಂದ ಕಣ್ಣೆದುರಿಗೇ ಇತ್ತು. ಅತ್ತ ನೋಡಿದಳು.

ಚಿಕ್ಕಿ! ಅವಳು ಒಳಗಿರುತ್ತಾಳೆ, ಒಬ್ಬಳೇ. ಗುಡುಗು ಬಂದರೆ ಅಕ್ಕನ ಹೊದಿಕೆಯೊಳಗೆ ನುಗ್ಗುತ್ತಿದ್ದ ಹುಡುಗಿ. ಈ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲದ್ದು ನೋಡಿದರೆ ಅವಳ ಗತಿಯೇನು? ತನ್ನ ಪಾಡು ಮರೆತುಹೋಯಿತು. ಬರಿಗಾಲಲ್ಲಿ ಬೀದಿ ದಾಟಿದಳು.

"ಚಿಕ್ಕೀ! ಲೇ ಚಿಕ್ಕೀ! ಹೆದರ್ಬೇಡ ಕಣೇ, ನಾನಿದೀನಿ!"

ಬೇಕರಿ ತೆರೆದಿತ್ತು. ನೆಲದ ಮೇಲೆ ಏಪ್ರನ್ನು ಬಿದ್ದಿತ್ತು. ಬಾಗಿಲ ಚೌಕಟ್ಟಿನ ಮೇಲೆ ಹಿಟ್ಟಿನ ಅಂಗೈ ಗುರುತು. ಹಿಂದಿನ ಕೋಣೆ, ಸಾಮಾನು ಕೋಣೆ, ಬಚ್ಚಲು, ಎಲ್ಲ ನೋಡಿದಳು. ಚಿಕ್ಕಿ ಎಲ್ಲೂ ಇಲ್ಲ.

ಅವಳೂ ಹೋದಳು!

ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಕೋಪ. "ಇದ್ಯಾವ ನ್ಯಾಯ ಸ್ವಾಮೀ? ಅವಳಾ? ಭಾನುವಾರ ಬನ್ನು ಮಾರಿದವಳಾ? ನಾನು ಒಂದು ವಾರ ತಪ್ಪಿಸಿದ್ನಾ?" ಎಂದು ಅಕ್ಕ ಮೈದಾ ಮೂಟೆಯ ಮೇಲೆ ಕುಸಿದು ಕೂತು ಮಾಡಿಗೆ ಕೈ ತೋರಿಸಿ ವಾದ ಮಾಡಿದಳು. ವಾದ ಮಾಡುತ್ತ ಮಾಡುತ್ತ, ತೋರಿಸಿದ ಕೈ ತಾನಾಗಿ ಕೆಳಗಿಳಿಯಿತು. ಹೋದಳಲ್ಲ. ಸದ್ಯ, ಇಲ್ಲಿ ಒಬ್ಬಳೇ ಹೆದರಿಕೊಂಡು ಕೂತಿಲ್ಲವಲ್ಲ. ಅಲ್ಲೂ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿರುತ್ತಾಳೆ. ಈ ಯೋಚನೆಗೆ ಅಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಉಳಿದವಳಿಗೆ ಇಷ್ಟು ಸಂತೋಷವಾಗುವುದು ಸರಿಯೋ ತಪ್ಪೋ ಆಕೆಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಸೀದ ವಾಸನೆ. ಹಳೆಯ ಓವನ್ನಿನಲ್ಲಿ ಬನ್ನುಗಳು ಕಪ್ಪಾಗತೊಡಗಿದ್ದವು. ಲೋಕ ಮುಗಿದರೂ ಕೈಯ ಅಭ್ಯಾಸ ಮುಗಿಯುತ್ತದೆಯೇ? ಅಕ್ಕ ಬಟ್ಟೆ ಹಿಡಿದು ತಟ್ಟೆ ಹೊರಗೆಳೆದಳು. ತನ್ನ ಹಾಗೆ ಉಳಿದವರು ಇನ್ನೂ ಯಾರಾದರೂ ಇರುತ್ತಾರೆ, ಹಸಿದಿರುತ್ತಾರೆ, ಹೆದರಿರುತ್ತಾರೆ, ಅವರಿಗೆ ಕೊಟ್ಟರಾಯಿತು ಎಂದು ಸೀದ ತಳವನ್ನು ಚಾಕುವಿನಿಂದ ಕೆರೆಯುತ್ತಾ ಕೂತಳು.

ಬಾಗಿಲಲ್ಲಿ ನೆರಳು ಬಿತ್ತು. ಏದುಸಿರು ಬಿಡುತ್ತ ಒಳಗೆ ಬಂದವರು ಅಯ್ಯನವರು.

ಅಕ್ಕನ ಕೈಯಿಂದ ಚಾಕು ಬಿತ್ತು. "ಅಯ್ಯನವರೇ! ನೀವೂನಾ?"

"ಹೂಂ ಅಕ್ಕಾ, ನಾನೇ."

"ಅಯ್ಯೋ ದೇವರೇ! ವಾರವಾರ ನಮಗೆಲ್ಲಾ 'ಸಿದ್ಧವಾಗಿರಿ, ಸಿದ್ಧವಾಗಿರಿ' ಅಂತ ಹೇಳಿ ಕಳಿಸಿ, ನೀವೇ ಉಳಿದುಬಿಟ್ರಾ? ಏನು ಮಾಡಿದ್ರಿ ಅಂಥದ್ದು? ಹೋಗ್ಲಿ ಬಿಡಿ, ನಾನು ಕೇಳಲ್ಲ. ಕೂತ್ಕೊಳ್ಳಿ, ಒಂದು ಬನ್ ತಿನ್ನಿ. ಸ್ವಾಮಿ ನಮ್ಮನ್ನೂ ಕೈಬಿಡಲ್ಲ."

ಅಯ್ಯನವರ ಮುಖ ಗೋಡೆಯಂತೆ ಬಿಳಿಚಿಕೊಂಡಿತು. ಪಾಪ, ಅವರೂ ನಂಬಿದವರೇ ಅಲ್ಲವೇ. ಖಾಲಿ ಬೀದಿಯ ಕಡೆ ತಿರುಗಿ ನೋಡಿದರು. "ಯಾವಾಗ ಅಕ್ಕಾ?" ಎಂದು ಪಿಸುಗುಟ್ಟಿದರು. ಆಮೇಲೆ ಏನೋ ಹೊಳೆದು ಹಣೆ ಚಚ್ಚಿಕೊಂಡರು.

"ಅಲ್ಲಾ, ಈಗಷ್ಟೇ ಎಲ್ಲರನ್ನೂ ನೋಡ್ಕೊಂಡು ಬಂದಿದೀನಲ್ಲ! ನಿಮ್ಮ ಯಜಮಾನರು ಎಡಗಡೆ ಹಿಡ್ಕೊಂಡಿದಾರೆ."

"ಏನನ್ನ ಹಿಡ್ಕೊಂಡಿದಾರೆ?"

"ಓವನ್ ಅಕ್ಕಾ! ಚಿಕ್ಕಿದು ಹೊಸ ಓವನ್! ಗೋದಾಮಿನ ಬಾಗಿಲಲ್ಲಿ ಸಿಕ್ಕಾಕ್ಕೊಂಡಿದೆ. ಬಿಟ್ರೆ ಬೀಳುತ್ತೆ ಅಂತ ಬೀದಿಯವರೆಲ್ಲಾ ಆತ್ಕೊಂಡು ನಿಂತಿದಾರೆ. ನಾನು ಕೈ ಹಾಕಿದ್ರೆ ಇನ್ನೂ ವಾಲ್ತಿತ್ತು, ಅದಕ್ಕೆ ಬೆಣ್ಣೆ ತರೋಕೆ ಕಳಿಸಿದ್ರು. ಚೌಕಟ್ಟಿಗೆ ಹಚ್ಚೋಕೆ."

"ಚಿಕ್ಕಿ?"

"ಓವನ್ ಹಿಂದೆ, ಒಳಗೆ. ಚೆನ್ನಾಗೇ ಇದಾಳೆ. ಎಲ್ಲರಿಗೂ ಬೈತಾ ಇದಾಳೆ."

ಅಯ್ಯನವರು ಕಪಾಟಿನಿಂದ ಬೆಣ್ಣೆಯ ಡಬ್ಬಿ ತೆಗೆದದ್ದೇ ತಡ, ಅಕ್ಕ ಅದನ್ನು ಅವರ ಕೈಯಿಂದ ಕಸಿದುಕೊಂಡು ಓಡಿದಳು. ಆಕೆ ಓಡಿದ್ದನ್ನು ನೋಡಿದವರು ನಮ್ಮಲ್ಲಿ ಆವರೆಗೆ ಯಾರೂ ಇರಲಿಲ್ಲ.

ಸಂದಿಯಲ್ಲಿ ನಾವೆಲ್ಲ ಓವನ್ನಿಗೆ ಬೆನ್ನು, ಭುಜ, ಕೈ ಕೊಟ್ಟು ನಿಂತಿದ್ದೆವು. ಅರ್ಧ ಗಡ್ಡದ ಗಿರಾಕಿ, ಕತ್ತಿ ಕಿಸೆಗೆ ಹಾಕಿಕೊಂಡ ಕ್ಷೌರಿಕ, ಟೈಲರಮ್ಮ, ತರಕಾರಿಯವನು, ಬರಿಗಾಲಿನ ಯಜಮಾನರು. ಹೆಂಡತಿಯನ್ನು ಕಂಡು ಯಜಮಾನರು ಕಣ್ಣು ಮುಚ್ಚಿಕೊಂಡರು. ಕೈ ಬಿಡುವಂತಿರಲಿಲ್ಲವಲ್ಲ, ಓಡಿಹೋಗುವುದೆಲ್ಲಿಗೆ?

ಓವನ್ನಿಗೂ ಬಾಗಿಲ ಮೇಲ್ಪಟ್ಟಿಗೂ ನಡುವೆ ಒಂದು ಗೇಣು ಜಾಗವಿತ್ತು. ಅಕ್ಕ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಅಲ್ಲಿ ಬಾಯಿಟ್ಟು ಕೂಗಿದಳು.

"ಚಿಕ್ಕೀ!"

ಒಳಗಿನ ಬೈಗುಳ ನಿಂತಿತು. "ಯಾರದು?"

"ನಾನು ಕಣೇ."

"ನಾನು ಅಂದ್ರೆ?" ಗೊತ್ತಿದ್ದೂ ಕೇಳಿದ್ದು ಅದು.

"ನಿನ್ನ ಅಕ್ಕ. ನೀನು ಇದೀಯಾ?"

"ಇಲ್ದೆ ಎಲ್ಲಿಗೆ ಹೋಗ್ಲಿ? ಬಾಗಿಲಲ್ಲಿ ಓವನ್ ಇದೆ."

"ನೀನು ಹೋಗಿಬಿಟ್ಟೆ ಅಂದ್ಕೊಂಡಿದ್ದೆ."

"ಎಲ್ಲಿಗೆ?"

ಅಕ್ಕ ನಮ್ಮನ್ನೊಮ್ಮೆ ನೋಡಿದಳು. ನಾವು ಆಕಾಶ, ಗೋಡೆ, ಪಕ್ಕದವರ ಕಿವಿ, ಹೀಗೆ ಸಿಕ್ಕಿದ್ದನ್ನು ನೋಡಿದೆವು. "ಮೇಲಕ್ಕೆ" ಎಂದಳು ಸಣ್ಣ ದನಿಯಲ್ಲಿ. "ಹಾರನ್ ಕೇಳಿಸ್ತು, ಬೀದೀಲಿ ಯಾರೂ ಇರಲಿಲ್ಲ. ಎಲ್ಲರನ್ನೂ ಕರ್ಕೊಂಡು ಹೋದ, ನಾನೊಬ್ಳು ಉಳಿದೆ ಅಂದ್ಕೊಂಡೆ."

ಒಳಗೆ ಶುರುವಾಯಿತು ನೋಡಿ ಆ ನಗು. ಓವನ್ನಿನ ತಗಡು ಗುಂಯ್ ಎಂದಿತು. ನಾವು ಬೆನ್ನು ಕೊಟ್ಟಿದ್ದವರಿಗೆ ನಗು ಮೈಯೊಳಗೇ ಹರಿದಂತಾಯಿತು. ಟೈಲರಮ್ಮ "ನಗ್ಬೇಡ್ರೋ, ಜಾರುತ್ತೆ, ಜಾರುತ್ತೆ" ಎನ್ನುತ್ತಲೇ ತಾವೇ ಮೊದಲು ನಕ್ಕರು.

"ನಾನು ಹೋದೆ, ನೀನು ಉಳಿದೆ! ಅಕ್ಕಾ, ನಂಬೋಕೆ ಹೇಗಾಯ್ತೇ ನಿಂಗೆ?"

"ಮೊದಲು ಕೋಪ ಬಂತು."

"ಅದು ನಂಗೊತ್ತು. ಆಮೇಲೆ?"

"ಆಮೇಲೆ ಖುಷಿಯಾಯ್ತು ಕಣೇ." ಅಕ್ಕ ಓವನ್ನಿನ ತಗಡಿಗೆ ಹಣೆ ಒತ್ತಿದಳು. "ನೀನಾದ್ರೂ ಹೋದ್ಯಲ್ಲ ಅಂತ. ಅವತ್ತು ನಾನು ಮೈಕ್ ಹಿಡ್ಕೊಂಡು ಹಾಗೆ ಹೇಳಬಾರದಿತ್ತು ಚಿಕ್ಕಿ. ಉಳಿಯೋರು ಯಾರು ಅಂತ ಹೇಳೋಕೆ ನಾನ್ಯಾರು? ತಪ್ಪಾಯ್ತು."

ಒಳಗಿನ ನಗು ನಿಂತು ಮೂಗು ಸೀನಿದ ಸದ್ದು ಬಂತು. "ಬನ್ ಸೀದುಹೋಗಿರ್ಬೇಕು."

"ತೆಗೆದಿಟ್ಟೆ. ತಳ ಕೆರೆದಿದೀನಿ."

"ಲೋಕ ಮುಗಿದುಹೋಗಿದೆ ಅಂತಾಗಿದ್ರೂ?"

"ಉಳಿದೋರು ತಿನ್ನಲ್ವೇನೇ?"

"ತಾಯಂದಿರಾ," ಎಂದರು ಯಜಮಾನರು, ಕಣ್ಣು ಮುಚ್ಚಿಕೊಂಡೇ, "ಮಿಕ್ಕಿದ್ದನ್ನ ಆಮೇಲೆ ಮಾತಾಡಿ. ನನ್ನ ಸೊಂಟ ಹೋಗ್ತಾ ಇದೆ."

ಅಕ್ಕ ತಾನೇ ಚೌಕಟ್ಟಿನ ಉದ್ದಕ್ಕೂ ಬೆಣ್ಣೆ ಬಳಿದಳು. "ಈಗ ಹೊರಗಿನೋರು ಬಲಕ್ಕೆ ತಳ್ಳಿ, ಒಳಗಿಂದ ನಾನು ಎಳೀತೀನಿ" ಎಂದು ಚಿಕ್ಕಿ ಕೂಗಿದಳು. ಒಂದು ನೂಕಿಗೆ ಓವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಳಗೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಅದರ ಹಿಂದೆಯೇ ಮುಗ್ಗರಿಸುತ್ತ ಒಳಗೆ ಹೋದ ಅಕ್ಕನನ್ನು ಚಿಕ್ಕಿ ಹಿಟ್ಟಿನ ಕೈಯಲ್ಲೇ ಹಿಡಿದುಕೊಂಡಳು. ನಾವು ಸ್ವಲ್ಪ ಹೊತ್ತು ಲಾರಿಯವನಿಗೆ ದಾರಿ ತೋರಿಸುವ ನೆಪ ಮಾಡಿದೆವು.

ಆದರೂ ಕಿವಿಗೆ ಬಿದ್ದದ್ದು ಬಿತ್ತು.

"ಭಾನುವಾರ ನಾನು ಯಾಕೆ ಬರಲ್ಲ ಅಂತ ಒಂದು ದಿನಾನಾದ್ರೂ ಕೇಳಿದ್ಯಾ?" ಎನ್ನುತ್ತಿದ್ದಳು ಚಿಕ್ಕಿ. "ನಂಗೇನು ಹಾಡೋಕೆ ಆಸೆ ಇಲ್ವಾ? ಒಬ್ಬಳೇ ನಾದಬೇಕು, ಒಬ್ಬಳೇ ಬೇಯಿಸ್ಬೇಕು. ಇರೋದೇ ಎರಡು ಕೈ."

"ಕೈ ಬೇಕು ಅಂತ ನೀನು ಬಾಯಿ ಬಿಟ್ಟು ಹೇಳಿದ್ಯಾ?"

"ಕೇಳಿದ್ರೆ ತಾನೇ ಹೇಳೋದು!"

"ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದಳು ಅಕ್ಕ.

"ಕತ್ತಲಿರೋವಾಗ್ಲೇ ಬರ್ಬೇಕು. ಎಚ್ಚರ ಆಗುತ್ತಾ ನಿಂಗೆ?"

"ನಾನು ಮಲಗಿದ್ದು ಯಾವಾಗ? ಇಷ್ಟು ವರ್ಷದಿಂದ ಎಚ್ಚರವಾಗೇ ಇದೀನಲ್ಲ."

ಮರುದಿನ ಆರಾಧನೆ ಶುರುವಾದಾಗ ಮುಂದಿನ ಸಾಲಿನಲ್ಲಿ ಅಕ್ಕನ ಜಾಗ ಖಾಲಿಯಿತ್ತು. ಯಜಮಾನರೊಬ್ಬರೇ ಕೂತು ಬಾಗಿಲ ಕಡೆ ನೋಡುತ್ತಿದ್ದರು. ಎರಡನೆಯ ಹಾಡಿನ ನಡುವೆ ಬಾಗಿಲು ಕಿರ್ರೆಂದಿತು. ಅಕ್ಕ ಬಂದಳು, ಪಕ್ಕದಲ್ಲಿ ಚಿಕ್ಕಿ. ಇಬ್ಬರೂ ಹಿಂದಿನ ಬೆಂಚಿನಲ್ಲೇ ಕೂತರು. ಚಿಕ್ಕಿ ಪುಸ್ತಕದ ಕಡೆ ನೋಡದೆಯೇ ಹಾಡಿದಳು, ಶ್ರುತಿ ಎಲ್ಲಿದ್ದರೂ ದನಿ ಮಾತ್ರ ಮಾಡಿಗೆ ಮುಟ್ಟಿತು. ಅಯ್ಯನವರು ಎಷ್ಟು ಹಿಗ್ಗಿದರೆಂದರೆ ಪ್ರಸಂಗದ ಮೊದಲ ವಾಕ್ಯವನ್ನು ಎರಡು ಸಲ ಹೇಳಿದರು.

ಅಂದಿನ ಪ್ರಸಂಗ ಮದುವಣಿಗನಿಗಾಗಿ ದೀಪ ಹಿಡಿದು ಕಾದಿದ್ದ ಕನ್ಯೆಯರ ಮೇಲೆ. ಎಣ್ಣೆ ತಂದ ಬುದ್ಧಿವಂತೆಯರು, ತರದೆ ಹೊರಗುಳಿದ ಬುದ್ಧಿಯಿಲ್ಲದವರು. ಅಯ್ಯನವರು ಬಿಸಿಯೇರಿ, ಮೇಜು ಗುದ್ದಿ, "ಎಚ್ಚರವಾಗಿರಿ! ಯಾವ ಗಳಿಗೆಯಲ್ಲಿ ಬರುತ್ತಾನೋ ನಿಮಗೆ ತಿಳಿಯದು!" ಎಂದು ಹಿಂದಿನ ಬೆಂಚಿನ ಕಡೆ ಕೈ ಚಾಚಿದರು. ಚಾಚಿದ ಕೈ ಹಾಗೇ ನಿಂತಿತು. ನಾವೂ ತಿರುಗಿ ನೋಡಿದೆವು.

ಚಿಕ್ಕಿ ಅಕ್ಕನ ಭುಜದ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು.

ಮುಂದಿನ ಬೆಂಚಿನ ಟೈಲರಮ್ಮ ಹಿಂದಕ್ಕೆ ಬಾಗಿ, "ಎಬ್ಬಿಸಿ ಅಕ್ಕಾ, ಎಚ್ಚರವಾಗಿರಿ ಅಂತ ಹೇಳ್ತಿರುವಾಗ್ಲೇ..." ಎಂದು ಪಿಸುಗುಟ್ಟಿದರು.

"ಆ ಕನ್ಯೆಯರು ಎಲ್ಲರೂ ತೂಕಡಿಸಿದ್ರು ತಾನೇ?" ಎಂದಳು ಅಕ್ಕ ಭುಜ ಅಲುಗಿಸದೆ. "ಬುದ್ಧಿವಂತೆಯರೂ ಸೇರಿ. ಮಲಗ್ಲಿ ಬಿಡಿ. ನಾನು ಎದ್ದಿದೀನಲ್ಲ, ಸ್ವಾಮಿ ಬಂದ್ರೆ ಎಬ್ಬಿಸ್ತೀನಿ."

ಹಾಗೆಂದು, ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ ಅಯ್ಯನವರಿಗೆ, ಸ್ವಲ್ಪ ಮೆಲ್ಲಗೆ ಎಂದು ಸನ್ನೆ ಮಾಡಿದಳು.